ಗುಡ್ಡೆ ಚಮಚ, ಮಟ್ಟಸ ಚಮಚ: ಸಕ್ಕರೆ ಊರಿನಲ್ಲಿ ಕಾಫಿಯ ಮಾತು

(ಮಂಡ್ಯದ ಅಶೋಕನಗರದಲ್ಲಿ ಒಂದು ಭಾನುವಾರ ಬೆಳಿಗ್ಗೆ ಹಿರಿಯರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತಿಗೆ ಮೊದಲು ಒಂದು ಸಣ್ಣ ಕೆಲಸ ಮಾಡೋಣ. ಈ ಮೇಜಿನ ಮೇಲೆ ಸಕ್ಕರೆ ಡಬ್ಬಿ ಇದೆ, ಸ್ಟೀಲ್ ಚಮಚ ಇದೆ, ಅಡುಗೆಮನೆಯ ಪುಟ್ಟ ತಕ್ಕಡಿ ಇದೆ. ಮುಂದಿನ ಸಾಲಿನಲ್ಲಿ ಕೂತಿರುವ ಅಜ್ಜ, ನೀವು ಬನ್ನಿ. ಮನೆಯಲ್ಲಿ ನಿಮ್ಮ ಕಾಫಿಗೆ ಎಷ್ಟು ಸಕ್ಕರೆ? "ಎರಡೇ ಚಮಚ ಕಣವ್ವ, ಜಾಸ್ತಿ ಇಲ್ಲ." ಸರಿ. ಮನೆಯಲ್ಲಿ ಹಾಕಿಕೊಳ್ಳುವ ಹಾಗೇ ಆ ಎರಡು ಚಮಚ ಈ ಬಟ್ಟಲಿಗೆ ಹಾಕಿ.

ನೋಡಿ, 16 ಗ್ರಾಂ ತೋರಿಸುತ್ತಿದೆ. ಟೀ ಚಮಚದಲ್ಲಿ ಮಟ್ಟಸವಾಗಿ ತೆಗೆದರೆ ಹೆಚ್ಚೆಂದರೆ 5 ಗ್ರಾಂ ಸಕ್ಕರೆ ಹಿಡಿಯುತ್ತೆ. ಎರಡಕ್ಕೆ 10 ಆಗಬೇಕಿತ್ತು. ಅಜ್ಜ ಸುಳ್ಳು ಹೇಳಲಿಲ್ಲ. ಎರಡೇ ಚಮಚ ಹಾಕಿದರು. ಆದರೆ ಪ್ರತಿ ಚಮಚದ ಮೇಲೂ ಒಂದು ಗುಡ್ಡೆ ಇತ್ತು. ನಮ್ಮ ಮನೆಗಳಲ್ಲಿ ಎಲ್ಲರೂ ಹಾಕುವುದು ಹೀಗೇ ಅಲ್ವಾ?

ಈಗ ದಿನದ ಲೆಕ್ಕ ನೋಡೋಣ. ಬೆಳಿಗ್ಗೆ ಎರಡು ಲೋಟ, ಹತ್ತೂವರೆಗೆ ಒಂದು, ಸಂಜೆ ಎರಡು. ಒಟ್ಟು ಐದು ಲೋಟ, 80 ಗ್ರಾಂ ಸಕ್ಕರೆ. ತಿಂಗಳಿಗೆ 2.4 ಕೆಜಿ, ವರ್ಷಕ್ಕೆ ಹತ್ತಿರ ಹತ್ತಿರ 29 ಕೆಜಿ. ಇಲ್ಲಿ ಕಬ್ಬು ಬೆಳೆದವರು ತುಂಬಾ ಜನ ಇದ್ದೀರಿ. ನೂರು ಕೆಜಿ ಕಬ್ಬು ಅರೆದರೆ ಒಂಬತ್ತರಿಂದ ಹತ್ತು ಕೆಜಿ ಸಕ್ಕರೆ ಸಿಗುತ್ತೆ ಅನ್ನುವುದು ನಿಮಗೆ ಗೊತ್ತು. ಅಂದರೆ ಒಬ್ಬರು ಬರೀ ಕಾಫಿಯಲ್ಲೇ ವರ್ಷಕ್ಕೆ ಮೂರು ಕ್ವಿಂಟಾಲ್ ಕಬ್ಬು ಮುಗಿಸಿದ ಹಾಗಾಯಿತು. ಪಾಯಸ, ಹೋಳಿಗೆ, ಹಬ್ಬದ ಸಿಹಿ ಇದರಲ್ಲಿ ಸೇರಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಾತು ಇಷ್ಟು: ನಾವಾಗಿ ಸೇರಿಸುವ ಸಕ್ಕರೆ ದಿನದ ಶಕ್ತಿಯ ಹತ್ತನೇ ಒಂದು ಭಾಗ ದಾಟಬಾರದು, ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ದೊಡ್ಡವರಿಗೆ ಆ ಅರ್ಧ ಅಂದರೆ ಸುಮಾರು 25 ಗ್ರಾಂ. ಗುಡ್ಡೆ ಚಮಚದ ಲೆಕ್ಕದಲ್ಲಿ ಎರಡನೇ ಲೋಟ ಮುಗಿಯುವುದರೊಳಗೆ ಆ 25 ದಾಟಿರುತ್ತೆ. ಆಗಿನ್ನೂ ತಿಂಡಿ ಕೂಡ ಆಗಿರುವುದಿಲ್ಲ.

ಈ ಊರಿನಲ್ಲಿ ನಿಂತು ಸಕ್ಕರೆ ಕಡಿಮೆ ಮಾಡಿ ಅನ್ನುವುದು ನನಗೆ ಸುಲಭವಲ್ಲ. ನಾನು ನಾಲೆ ಬಯಲಿನ ಹಳ್ಳಿಯವಳು. ನಮ್ಮ ಮನೆಯಲ್ಲಿ ಓದು, ಮದುವೆ, ಸೂರು ಎಲ್ಲ ಆಗಿದ್ದು ಕಬ್ಬಿನ ದುಡ್ಡಿನಲ್ಲೇ. ಮೈಸೂರು ಸಂಸ್ಥಾನದಲ್ಲಿ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಹೆಸರು ನಿಮಗೆ ಗೊತ್ತಿರಬಹುದು. ಕೆನಡಾದಿಂದ ಬಂದವರು. ಕನ್ನಂಬಾಡಿ ನೀರು ನಾಲೆಗೆ ಬಂದ ಮೇಲೆ 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಎದ್ದು ನಿಲ್ಲಲು ದುಡಿದವರು. ಅದಕ್ಕೂ ಮೊದಲು, 1925ರಲ್ಲಿ, ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದರ ಹಿಂದೆ ಇದ್ದವರೂ ಅವರೇ. ನಮ್ಮ ಲೋಟದೊಳಗಿನ ಕಾಫಿಗೂ ಸಕ್ಕರೆಗೂ ಒಬ್ಬರೇ ಮನುಷ್ಯ ದುಡಿದಿದ್ದಾರೆ. ನನಗೆ ಇದು ತುಂಬಾ ಇಷ್ಟವಾದ ಸಂಗತಿ. ಹಾಗಾಗಿ ಎರಡರಲ್ಲಿ ಒಂದನ್ನು ಪೂರ್ತಿ ಬಿಟ್ಟುಬಿಡಿ ಅಂತ ನಾನು ಇವತ್ತು ಹೇಳುವುದಿಲ್ಲ.

ಮೊದಲು ಮೈಯೊಳಗೆ ಏನಾಗುತ್ತೆ ನೋಡೋಣ. ಒಬ್ಬ ದೊಡ್ಡ ಮನುಷ್ಯನ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ ಇರುತ್ತೆ. ಬರಿಹೊಟ್ಟೆಯ ಶುಗರ್ 100 ಇದ್ದರೆ, ಅಂದರೆ 100 ಮಿಲಿ ರಕ್ತದಲ್ಲಿ 100 ಮಿಲಿಗ್ರಾಂ ಇದ್ದರೆ, ಆ ಇಡೀ ಐದು ಲೀಟರ್ ರಕ್ತದಲ್ಲಿ ಇರುವ ಗ್ಲೂಕೋಸ್ ಬರೀ 5 ಗ್ರಾಂ. ಒಂದು ಮಟ್ಟಸ ಚಮಚ, ಅಷ್ಟೆ. ಇದನ್ನು ಮೊದಲ ಸಲ ಕಾಲೇಜಿನಲ್ಲಿ ಕೇಳಿದಾಗ ನಾನು ನಂಬಲಿಲ್ಲ, ನೋಟ್‌ಬುಕ್ಕಿನಲ್ಲಿ ಮತ್ತೆ ಲೆಕ್ಕ ಹಾಕಿ ನೋಡಿದೆ. ಅಷ್ಟು ಕಡಿಮೆ ಇರುವ ಕಡೆಗೆ ನಾವು ಒಂದೇ ಸಲಕ್ಕೆ 16 ಗ್ರಾಂ ಸಕ್ಕರೆ ಕಳಿಸುತ್ತೇವೆ. ಅದರಲ್ಲಿ ಅರ್ಧ ಭಾಗ ಗ್ಲೂಕೋಸ್. ಜೊತೆಗೆ ಹಾಲಿನಲ್ಲೂ ಸಕ್ಕರೆ ಇದೆ, 100 ಮಿಲಿಗೆ ಹತ್ತಿರ ಹತ್ತಿರ 5 ಗ್ರಾಂ ಲ್ಯಾಕ್ಟೋಸ್. ಮುದ್ದೆಯ ಹಾಗೆ ಇದನ್ನು ಹೊಟ್ಟೆ ನಿಧಾನವಾಗಿ ಅರಗಿಸುವ ಕೆಲಸವೂ ಇಲ್ಲ. ದ್ರವ, ಸರ್ರನೆ ಇಳಿಯುತ್ತೆ. ಗಟ್ಟಿ ಮೈಯವರಲ್ಲಿ ಇನ್ಸುಲಿನ್ ಓಡಿ ಬಂದು ಅದನ್ನು ಸ್ನಾಯುಗಳಿಗೆ, ಯಕೃತ್ತಿಗೆ ಸಾಗಿಸಿಬಿಡುತ್ತೆ. ಶುಗರ್ ಇರುವವರಲ್ಲಿ ಆ ಸಾಗಣೆ ನಿಧಾನ. ಒಂದು ಲೋಟದ ಸಕ್ಕರೆ ಇಳಿಯುವ ಮೊದಲೇ ಇನ್ನೊಂದು ಲೋಟ ಬಂದಿರುತ್ತೆ.

ಇದು ನಾಲ್ಕು ಜನರ ಕಷ್ಟ ಅಲ್ಲ. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಅದರ ಹೊಸ್ತಿಲಲ್ಲಿ ನಿಂತಿರುವವರು ಇನ್ನೂ 13.6 ಕೋಟಿ.

ಈಗ ನಮ್ಮ ಅಪ್ಪನ ಕಥೆ ಹೇಳುತ್ತೇನೆ. ಶುಗರ್ ಇರುವವರಿಗೆ ಊಟ ತಿಂಡಿಯ ಸಲಹೆ ಹೇಳುವ ಈ ಕೆಲಸ ನಾನು ಹಿಡಿದದ್ದೇ ಅದರಿಂದ.

ಅಪ್ಪನಿಗೆ 52ನೇ ವಯಸ್ಸಿನಲ್ಲಿ ಶುಗರ್ ಬಂತು. ತೋರಿಸಿದ ಕಡೆ ಎರಡು ನಿಮಿಷದಲ್ಲಿ ಮಾತು ಮುಗಿಸಿದರು: "ಇವತ್ತಿಂದ ಕಾಫಿ ಬಂದ್." ಯಾಕೆ, ಹೇಗೆ, ಬದಲಿಗೆ ಏನು, ಯಾವುದನ್ನೂ ಹೇಳಲಿಲ್ಲ. ಅವ್ವ ಸಕ್ಕರೆ ಡಬ್ಬಿಯನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದಳು. ಅಪ್ಪ ಏನೂ ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ಜಗಲಿಯಲ್ಲಿ ಸುಮ್ನೆ ಕೂರುತ್ತಿದ್ದರು. ಅವರಿಗೆ ಕಾಫಿ ಅಂದರೆ ಪೇಪರು, ಎದುರು ಮನೆಯವರ ಮಾತು, ಅವ್ವನ ಜೊತೆ ಕೂತ ಹತ್ತು ನಿಮಿಷ. ಎಲ್ಲವೂ ಒಟ್ಟಿಗೇ ನಿಂತುಹೋಯಿತು. ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದೆವು. ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುತ್ತೆ, ಹಿಂದಿನ ದಿನ ಉಪವಾಸ ಇದ್ದು ಅದನ್ನು ಮೋಸ ಮಾಡುವುದಕ್ಕೆ ಆಗುವುದಿಲ್ಲ. ನೋಡಿದರೆ ಮೊದಲಿಗಿಂತ ಜಾಸ್ತಿ ಬಂದಿತ್ತು. ಆಮೇಲೆ ಗೊತ್ತಾಯಿತು. ಹನ್ನೊಂದನೇ ದಿನದಿಂದಲೇ ಅಪ್ಪ ಬಸ್‌ಸ್ಟಾಪಿನ ಅಂಗಡಿಯಲ್ಲಿ ದಿನಾ ಮೂರು ಕಾಫಿ ಕುಡಿಯುತ್ತಿದ್ದರು. ಕದ್ದು ಕುಡಿಯುವಾಗ ಸಕ್ಕರೆ ಕಮ್ಮಿ ಹಾಕಿ ಅಂತ ಯಾರು ಹೇಳುತ್ತಾರೆ?

ಅದರಲ್ಲಿ ಅಪ್ಪನ ತಪ್ಪು ಇತ್ತು ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಐವತ್ತು ದಾಟಿದ ಮನುಷ್ಯ ಕಾಫಿಗಾಗಿ ಮಕ್ಕಳಿಗೆ ಹೆದರಿ ಅಂಗಡಿಯ ಹಿಂದೆ ನಿಲ್ಲುವ ಹಾಗೆ ಮಾಡಿದ್ದು ನಾವು. ಆಗ ಕೂತು ಮಾತಾಡಿ ಒಂದು ಒಪ್ಪಂದ ಮಾಡಿಕೊಂಡೆವು. ದಿನಕ್ಕೆ ಒಂದು ಸಿಹಿ ಕಾಫಿ, ಮನೆಯಲ್ಲೇ, ಎಲ್ಲರ ಎದುರೇ. ಸಂಜೆ ನಾಲ್ಕಕ್ಕೆ, ಅವ್ವನ ಜೊತೆ ಜಗಲಿಯಲ್ಲಿ. ಒಂದು ಮಟ್ಟಸ ಚಮಚ ಸಕ್ಕರೆ. ಬೆಳಗಿನ ಕಾಫಿ ಸಕ್ಕರೆ ಇಲ್ಲದೆ. ಮಿಕ್ಕಿದ್ದು ಬೇಡ. ಮುಂದಿನ ಪರೀಕ್ಷೆಯಲ್ಲಿ ಅಂಕಿ ಇಳಿದಿತ್ತು. ಅಪ್ಪ ಆಮೇಲೆ 19 ವರ್ಷ ಇದ್ದರು. ಆ ನಾಲ್ಕು ಗಂಟೆಯ ಕಾಫಿ ತಪ್ಪಿದ ದಿನ ನನಗೆ ನೆನಪಿಲ್ಲ.

ನಾನು ಇವತ್ತು ಹೇಳಬೇಕಾದದ್ದು ಇದೇ. ನಿಮ್ಮ ಐದು ಲೋಟದಲ್ಲಿ ನಿಮಗೆ ನಿಜವಾಗಿ ಬೇಕಾದದ್ದು ಯಾವುದು? ಅದನ್ನು ಆರಿಸಿಕೊಳ್ಳಿ. ಅದಕ್ಕೆ ಅಳೆದು ಸಕ್ಕರೆ ಹಾಕಿ, ಕೂತು ಕುಡಿಯಿರಿ. ಉಳಿದ ನಾಲ್ಕರಲ್ಲಿ ಎಷ್ಟು ಲೋಟ ಬರೀ ಅಭ್ಯಾಸ, ಎಷ್ಟು ಬರೀ ದಾಕ್ಷಿಣ್ಯ ಅಂತ ಒಂದು ವಾರ ಗಮನಿಸಿ. ಅವು ತಾವಾಗಿಯೇ ಕಳಚಿಕೊಳ್ಳುತ್ತವೆ. ಅಂಗಡಿಗೆ ಹೋದರೆ ಬೈಟು ಹೇಳಿ. ಬೈಟು ಕಾಫಿ ನಮ್ಮವರು ಕಂಡುಕೊಂಡ ಬಹಳ ಒಳ್ಳೆಯ ದಾರಿ. ಸಕ್ಕರೆ ಅರ್ಧ, ದುಡ್ಡು ಅರ್ಧ, ಮಾತು ಮಾತ್ರ ಪೂರ್ತಿ.

ಆ ಸಿಹಿ ಲೋಟ ಯಾವ ಹೊತ್ತಿನದು ಅನ್ನುವುದೂ ಮುಖ್ಯ. ತುಂಬಾ ಜನ ಬೆಳಿಗ್ಗೆ ಎದ್ದ ತಕ್ಷಣದ್ದೇ ಬೇಕು ಅಂತಾರೆ. ಶುಗರ್ ಇರುವವರಿಗೆ ಅದೇ ಕಷ್ಟದ ಹೊತ್ತು. ಬೆಳಗಿನ ಜಾವ ಮೈ ಎಚ್ಚರವಾಗಲು ಕಾರ್ಟಿಸಾಲ್ ಥರದ ಹಾರ್ಮೋನುಗಳು ಏರುತ್ತವೆ, ಯಕೃತ್ತು ತಾನೇ ಗ್ಲೂಕೋಸ್ ಬಿಡುತ್ತೆ. ಏನೂ ತಿನ್ನದೆಯೇ ಅಂಕಿ ಏರಿರುತ್ತೆ. ಅದರ ಮೇಲೆ ಸಿಹಿ ಕಾಫಿ ಬೀಳುತ್ತೆ. ಇನ್ನೊಂದು ಮಾತು: ಕಾಫಿಯಲ್ಲಿರುವ ಕೆಫೀನಿಗೂ ಇದರಲ್ಲಿ ಪಾತ್ರ ಇದೆ. ಅದು ಸ್ವಲ್ಪ ಹೊತ್ತು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತೆ. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗ ಇದೆ. ರಾತ್ರಿ ನಿದ್ದೆ ಕೆಟ್ಟ ಆರೋಗ್ಯವಂತರಿಗೆ ಬೆಳಿಗ್ಗೆ ಮೊದಲು ಸ್ಟ್ರಾಂಗ್ ಕಪ್ಪು ಕಾಫಿ, ಆಮೇಲೆ ಸಿಹಿ ಪಾನೀಯ ಕೊಟ್ಟರು. ಕಾಫಿ ಕುಡಿಯದ ದಿನಕ್ಕಿಂತ ರಕ್ತದ ಗ್ಲೂಕೋಸ್ ಏರಿಕೆ ಸುಮಾರು ಅರ್ಧದಷ್ಟು ಜಾಸ್ತಿ ಇತ್ತು. ಹಾಗಂತ ಕಾಫಿ ವಿಷ ಅಂದುಕೊಳ್ಳಬೇಡಿ. ವರ್ಷಗಟ್ಟಲೆ ಜನರನ್ನು ಗಮನಿಸಿದ ಅಧ್ಯಯನಗಳಲ್ಲಿ ಕಾಫಿ ಕುಡಿಯುವವರಿಗೆ ಸಕ್ಕರೆ ಕಾಯಿಲೆ ಬರುವುದು ಕಡಿಮೆಯೇ ಕಂಡಿದೆ. ಆದರೆ ಈಗಾಗಲೇ ಶುಗರ್ ಬಂದಿರುವವರು ಬೆಳಗಿನ ಬರಿಹೊಟ್ಟೆಯ ಲೋಟವನ್ನು ಸಕ್ಕರೆ ಇಲ್ಲದೆ ಕುಡಿಯುವುದು ಒಳ್ಳೆಯದು.

ಸಂಜೆ ಮೂರೂವರೆ, ನಾಲ್ಕು ಗಂಟೆ ನನಗೆ ಸರಿ ಅನ್ನಿಸುವ ಹೊತ್ತು. ಊಟ ಆಗಿ ಎರಡು ಮೂರು ಗಂಟೆ ಕಳೆದಿರುತ್ತೆ. ಮೊದಲು ಒಂದು ಹಿಡಿ ಬೇಯಿಸಿದ ಕಡಲೇಕಾಯಿ ತಿನ್ನಿ, ಇಲ್ಲ ಹೆಸರುಕಾಳಿನ ಉಸ್ಲಿ. ಅವುಗಳ ಪ್ರೋಟೀನು, ನಾರು, ಕೊಬ್ಬು ಹೊಟ್ಟೆ ಬೇಗ ಖಾಲಿಯಾಗದ ಹಾಗೆ ತಡೆಯುತ್ತವೆ. ಆಮೇಲೆ ಕಾಫಿ. ಆಮೇಲೆ ಸ್ಟೇಡಿಯಮ್ಮಿನ ಕಡೆ ಒಂದು ಕಾಲು ಗಂಟೆ ನಡಿಗೆ. ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್ ಸಹಾಯ ಅಷ್ಟಾಗಿ ಕೇಳದೆ ತಾವೇ ಗ್ಲೂಕೋಸ್ ಎಳೆದುಕೊಳ್ಳುತ್ತವೆ. ಕಡಲೇಕಾಯಿ, ಕಾಫಿ, ನಡಿಗೆ: ಈ ಕ್ರಮ ತಪ್ಪಿಸಬೇಡಿ. ಆರು ಗಂಟೆ ಮೇಲೆ ಕಾಫಿ ಬೇಡ. ಕೆಫೀನು ಮೈಯಲ್ಲಿ ಅರ್ಧಕ್ಕೆ ಇಳಿಯಲು ಐದು ಗಂಟೆಯಷ್ಟು ಬೇಕು. ನಿದ್ದೆ ಕೆಟ್ಟರೆ ಮರುದಿನದ ಶುಗರ್ ಕೆಡುತ್ತೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ಆಮೇಲೆ ಕಾಫಿ ಟೀ ಮುಟ್ಟಬೇಡಿ. ಊಟದ ಕಬ್ಬಿಣಾಂಶ ಮೈಗೆ ಹತ್ತುವುದನ್ನು ಅವು ತಡೆಯುತ್ತವೆ.

ಇನ್ನು ಕಾಫಿ ಮಾಡುವ ವಿಷಯ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾವು ಹಾಕುವ ಸಕ್ಕರೆಯಲ್ಲಿ ಎಷ್ಟೋ ಪಾಲು ಕೆಟ್ಟ ಡಿಕಾಕ್ಷನ್ನಿನ ಕಹಿ ಮುಚ್ಚುವುದಕ್ಕೆ ಹೋಗುತ್ತೆ. ತಿಂಗಳಿಗಾಗುವಷ್ಟು ಪುಡಿ ಒಟ್ಟಿಗೆ ತರಬೇಡಿ. ವಾರಕ್ಕೆ ಬೇಕಾದಷ್ಟು ತಂದು ಗಾಳಿ ಆಡದ ಡಬ್ಬಿಯಲ್ಲಿ ಇಡಿ. ಚಿಕೋರಿ ಎಷ್ಟು ಅಂತ ಕೇಳಿ ತನ್ನಿ. ಕಾಫಿ ಚಿಕೋರಿ ಮಿಶ್ರಣ ಅಂತ ಮಾರುವ ಪುಡಿಯಲ್ಲಿ ಕಾಫಿ ಕಡೇಪಕ್ಷ 51 ಭಾಗ ಇರಬೇಕು ಅನ್ನುವುದು ನಿಯಮ. ಅಂದರೆ ಚಿಕೋರಿ 49ರವರೆಗೂ ಇರಬಹುದು. ಚಿಕೋರಿ ಕೆಟ್ಟದ್ದಲ್ಲ, ಅದರಲ್ಲಿ ಕೆಫೀನೂ ಇಲ್ಲ. ಆದರೆ ಜಾಸ್ತಿಯಾದರೆ ಕಹಿ ಜಾಸ್ತಿ, ಕಹಿ ಜಾಸ್ತಿಯಾದರೆ ಕೈ ಸಕ್ಕರೆ ಡಬ್ಬಿಗೆ ಹೋಗುತ್ತೆ. ಕಾಫಿ ಬೀಜದ ಎರಡು ಜಾತಿಗಳಲ್ಲಿ ರೊಬಸ್ಟಾಗಿಂತ ಅರೇಬಿಕಾ ಮೃದು, ಕೆಫೀನೂ ಹತ್ತಿರ ಹತ್ತಿರ ಅರ್ಧ. ಫಿಲ್ಟರಿನಲ್ಲಿ ಪುಡಿಯನ್ನು ಒತ್ತಿ ಒತ್ತಿ ತುಂಬಬೇಡಿ. ಕುದಿ ಇಳಿದ ಬಿಸಿನೀರು ಹಾಕಿ, ತಾನಾಗಿ ಇಳಿಯಲು ಬಿಡಿ. ಮೊದಲ ಡಿಕಾಕ್ಷನ್ನನ್ನು ಸಿಹಿ ಲೋಟಕ್ಕೇ ಇಟ್ಟುಕೊಳ್ಳಿ. ಅದನ್ನು ಒಲೆಯ ಮೇಲೆ ಮತ್ತೆ ಮತ್ತೆ ಕುದಿಸಿದರೆ ಕೆಟ್ಟ ಹಾಗೇ. ಹಾಲಿಗೆ ಒಂದು ಏಲಕ್ಕಿ ಜಜ್ಜಿ ಹಾಕಿ, ಇಲ್ಲ ಸಣ್ಣ ಚೂರು ಚಕ್ಕೆ. ಆ ವಾಸನೆ ಬಂದರೆ ಕಡಿಮೆ ಸಕ್ಕರೆಯೂ ನಾಲಿಗೆಗೆ ಸಾಕು ಅನ್ನಿಸುತ್ತೆ. ತುಂಬಾ ಕಹಿಯಾದರೆ ಡಿಕಾಕ್ಷನ್ನಿಗೆ ಚಿಟಿಕೆಯಲ್ಲೂ ಅರ್ಧ ಉಪ್ಪು. ಉಪ್ಪು ಕಹಿಯನ್ನು ಅಡಗಿಸುತ್ತೆ.

ಸಕ್ಕರೆ ಒಂದೇ ದಿನದಲ್ಲಿ ನಿಲ್ಲಿಸಬೇಡಿ. ವಾರಕ್ಕೆ ಕಾಲು ಚಮಚ ಕಡಿಮೆ ಮಾಡಿ. ಮೊದಲ ಎರಡು ದಿನ ಸಪ್ಪೆ ಅನ್ನಿಸುತ್ತೆ, ಆಮೇಲೆ ನಾಲಿಗೆ ಒಗ್ಗಿಕೊಳ್ಳುತ್ತೆ. ಎರಡು ಮೂರು ತಿಂಗಳಾದ ಮೇಲೆ ಹಳೇ ಲೋಟ ಕೊಟ್ಟರೆ "ಇದೇನು ಪಾನಕವಾ" ಅಂತ ಕೇಳಿದವರು ನನ್ನ ಬಳಿ ಎಷ್ಟೋ ಜನ ಬಂದಿದ್ದಾರೆ.

ಸಕ್ಕರೆ ಬಿಟ್ಟು, ಜೊತೆಗೆ ನಾಲ್ಕು ಬಿಸ್ಕತ್ತು ಅದ್ದಿಕೊಂಡು ತಿಂದರೆ ಏನೂ ಗಿಟ್ಟಲಿಲ್ಲ. ನಾಲ್ಕು ಬಿಸ್ಕತ್ತಿನಲ್ಲಿ ಮೈದಾ, ಸಕ್ಕರೆ ಸೇರಿ ಸುಮಾರು 15 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತೆ. ರಸ್ಕ್ ಕೂಡ ಹಾಗೇ.

ಬೆಲ್ಲದ ಮಾತಿಗೆ ಬರುತ್ತೇನೆ. ಇಲ್ಲಿ ಬಹಳ ಜನ ಕಾಯುತ್ತಿದ್ದೀರಿ ಅಂತ ಗೊತ್ತು. "ನಾವು ಸಕ್ಕರೆ ಬಿಟ್ಟಿದ್ದೀವಿ, ಬೆಲ್ಲದ ಕಾಫಿ ಕುಡಿತೀವಿ, ನಮ್ಮದೇ ಆಲೆಮನೆ ಬೆಲ್ಲ" ಅಂತ ಹೇಳುವವರನ್ನು ವಾರಕ್ಕೆ ಹತ್ತು ಜನರನ್ನಾದರೂ ನೋಡುತ್ತೇನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ಪರಿಮಳ ನನಗೂ ಪ್ರಾಣ. ಆದರೆ ಕೊಪ್ಪರಿಗೆಯೊಳಗೆ ಇರುವುದು ಅದೇ ಕಬ್ಬಿನ ಹಾಲು. ನೀರು ಆವಿಯಾದ ಮೇಲೆ ಉಳಿಯುವುದರಲ್ಲಿ ಹೆಚ್ಚಿನ ಪಾಲು ಸಕ್ಕರೆಯೇ. ಒಂದಿಷ್ಟು ಕಬ್ಬಿಣಾಂಶ, ಖನಿಜ ಇದೆ, ನಿಜ. ಆದರೆ ಕಾಫಿಗೆ ಹಾಕುವ ಒಂದು ಚೂರಿನಲ್ಲಿ ಅದು ಎಷ್ಟು ಬರುತ್ತೆ? ರಕ್ತದೊಳಗೆ ಹೋದ ಮೇಲೆ ಅಚ್ಚು ಬೆಲ್ಲ, ಉಂಡೆ ಬೆಲ್ಲ, ಸಕ್ಕರೆ ಎಲ್ಲವೂ ಶುಗರ್ ಏರಿಸುತ್ತವೆ. ಬೆಲ್ಲದಿಂದ ಏನೂ ಆಗಲ್ಲ ಅನ್ನುವ ಧೈರ್ಯದಲ್ಲಿ ಮೂರು ಲೋಟ ಕುಡಿಯುವುದೇ ಅಪಾಯ. ರುಚಿಗೆ ಬೆಲ್ಲವೇ ಬೇಕು ಅಂದರೆ ಹಾಕಿಕೊಳ್ಳಿ, ನಿಮ್ಮ ಆ ಒಂದು ಲೋಟಕ್ಕೆ, ತೂಕ ಮಾಡಿ, 5 ಗ್ರಾಂ. ಜೇನುತುಪ್ಪಕ್ಕೂ ಇದೇ ಮಾತು.

ಹಿಂದಿನ ಸಾಲಿನಲ್ಲಿ ಕಾಲೇಜು ಮಕ್ಕಳು ಇದ್ದೀರಿ. ನಿಮ್ಮದು ಕೋಲ್ಡ್ ಕಾಫಿ. ನಾನೂ ಕುಡಿಯುತ್ತೇನೆ, ನನಗೂ ಇಷ್ಟ. ಒಂದು ವಿಷಯ ತಿಳಿದುಕೊಳ್ಳಿ: ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತೆ. ಹಾಗಾಗಿ ಮಾಡುವವರು ಸಕ್ಕರೆ ಜಾಸ್ತಿ ಹಾಕುತ್ತಾರೆ. ಒಂದು ದೊಡ್ಡ ಗ್ಲಾಸಿಗೆ 200 ಮಿಲಿ ಹಾಲು, ಮೂರು ಚಮಚ ಸಕ್ಕರೆ, ಒಂದು ಉಂಡೆ ಐಸ್‌ಕ್ರೀಮ್ ಅಂತ ಹಿಡಿದರೂ ಹಾಲಿನದ್ದೂ ಸೇರಿ 35ರಿಂದ 40 ಗ್ರಾಂ ಸಕ್ಕರೆ ಆಗುತ್ತೆ. ಮೇಲೆ ಚಾಕೊಲೇಟ್ ಸಿರಪ್ ಸುರಿದರೆ 50 ದಾಟಬಹುದು. ಬಾಟಲಿಯದ್ದು ತೆಗೆದುಕೊಂಡರೆ ಹಿಂದಿನ ಪಟ್ಟಿ ಓದಿ. ಅಲ್ಲಿ 100 ಮಿಲಿಗೆ ಎಷ್ಟು ಅಂತ ಬರೆದಿರುತ್ತಾರೆ, ಬಾಟಲಿ 200 ಮಿಲಿ ಇದ್ದರೆ ಎರಡರಿಂದ ಗುಣಿಸಬೇಕು. ಮನೆಯಲ್ಲಿ ಮಾಡುವುದಾದರೆ ಹೀಗೆ ಮಾಡಿ: ನಾಲ್ಕೈದು ಬಾದಾಮಿ ರಾತ್ರಿ ನೆನೆಸಿ ನುಣ್ಣಗೆ ರುಬ್ಬಿ. ತಣ್ಣಗಿನ ಗಟ್ಟಿ ಡಿಕಾಕ್ಷನ್, ಒಂದು ಲೋಟ ತಣ್ಣನೆ ಹಾಲು, ಒಂದು ಮಟ್ಟಸ ಚಮಚ ಸಕ್ಕರೆ, ಏಲಕ್ಕಿ, ಐಸ್ ಹಾಕಿ ಮಿಕ್ಸಿಯಲ್ಲಿ ನೊರೆ ಬರುವ ಹಾಗೆ ತಿರುಗಿಸಿ. ಬಾದಾಮಿಯಿಂದ ಐಸ್‌ಕ್ರೀಮಿನ ಹಾಗೆ ಮಂದ ಬರುತ್ತೆ.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಗಮನ ಇಟ್ಟು ಕೇಳಿ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್ ಥರದ ಮಾತ್ರೆ ನುಂಗುವವರು ದಿನಕ್ಕೆ 80 ಗ್ರಾಂ ಸಕ್ಕರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಶುಗರ್ ತೀರಾ ಇಳಿಯಬಹುದು. ಮೊದಲು ನಿಮ್ಮ ಡಾಕ್ಟರಿಗೆ ಹೇಳಿ, ಔಷಧಿ ಪ್ರಮಾಣ ಬದಲಿಸಬೇಕಾಗಬಹುದು. ಕೈ ನಡುಕ, ಬೆವರು, ತಡೆಯಲಾರದ ಹಸಿವು, ಕಣ್ಣು ಮಂಜು ಬಂದರೆ, ಅಂಕಿ 70ಕ್ಕಿಂತ ಕೆಳಗಿದ್ದರೆ, ಆಗ ಸಕ್ಕರೆಯೇ ಔಷಧಿ. ಮೂರು ಮಟ್ಟಸ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ. ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆ ಹೊತ್ತಿನಲ್ಲಿ ಕಾಫಿ ಮಾಡಿಕೊಂಡು ಕೂರಬೇಡಿ. ಹಾಲು ಬೆರೆತರೆ ಸಕ್ಕರೆ ರಕ್ತಕ್ಕೆ ಸೇರುವುದು ತಡ. ಬೀರುವಿಗೆ ಬೀಗ ಹಾಕಿಟ್ಟ ಸಕ್ಕರೆ ಡಬ್ಬಿ ಅವತ್ತು ಕೈಗೆ ಸಿಗದೆ ಹೋಗಬಹುದು.

ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಎರಡು ದಿನ ಒಂದು ಪರೀಕ್ಷೆ ಮಾಡಿ. ಒಂದು ದಿನ ಎಂದಿನ ಲೋಟ ಕುಡಿದು, ಒಂದು ಗಂಟೆ ಬಿಟ್ಟು, ಎರಡು ಗಂಟೆ ಬಿಟ್ಟು ನೋಡಿ. ಇನ್ನೊಂದು ದಿನ ಅದೇ ಹೊತ್ತಿಗೆ ಕಡಲೇಕಾಯಿ, ಒಂದು ಮಟ್ಟಸ ಚಮಚದ ಕಾಫಿ, ನಡಿಗೆ, ಆಮೇಲೆ ನೋಡಿ. ಎರಡೂ ದಿನ ಕುಡಿಯುವ ಮೊದಲಿನ ಅಂಕಿಯನ್ನೂ ಬರೆದಿಟ್ಟುಕೊಳ್ಳಿ. ಒಬ್ಬೊಬ್ಬರ ಮೈ ಒಂದೊಂದು ಥರ, ಹಾಗಾಗಿ ನಮ್ಮ ಅಪ್ಪನ ಅಂಕಿ ನಾನು ನಿಮಗೆ ಹೇಳುವುದಿಲ್ಲ. ನಿಮ್ಮ ಬೆರಳಿನ ಹನಿ ನಿಮಗೆ ಹೇಳಲಿ.

ಈಗ ಪ್ರಶ್ನೆಗಳು.

ಒಬ್ಬರು ಶುಗರ್ ಫ್ರೀ ಮಾತ್ರೆ ಹಾಕಿಕೊಳ್ಳಬಹುದಾ ಅಂತ ಕೇಳಿದ್ದಾರೆ. ಆಸ್ಪರ್ಟೇಮ್, ಸುಕ್ರಲೋಸ್, ಸ್ಟೀವಿಯಾ ಇವು ಕಾಫಿಗೆ ಹಾಕುವ ಪ್ರಮಾಣದಲ್ಲಿ ಶುಗರ್ ಏರಿಸುವುದಿಲ್ಲ. ಸಕ್ಕರೆ ಬಿಡುವ ದಾರಿಯಲ್ಲಿ ಕೆಲವು ದಿನ ಊರುಗೋಲಿನ ಹಾಗೆ ಬಳಸಿ, ತೊಂದರೆ ಇಲ್ಲ. ಆಸ್ಪರ್ಟೇಮ್ ಆದರೆ ಕುದಿಸಬೇಡಿ, ಲೋಟಕ್ಕೆ ಹಾಕಿಕೊಳ್ಳಿ. ಪುಡಿ ರೂಪದಲ್ಲಿ ಬರುವ ಕೆಲವದರಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ಬೆರೆಸಿರುತ್ತಾರೆ, ಅದು ಶುಗರ್ ಏರಿಸುತ್ತೆ, ಪೊಟ್ಟಣ ಓದಿ ತನ್ನಿ. ತೂಕ ಇಳಿಸುವುದಕ್ಕೆ ಇವುಗಳನ್ನು ನೆಚ್ಚಿಕೊಳ್ಳಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ನನಗೆ ಇವುಗಳ ಬಗ್ಗೆ ಇರುವ ತಕರಾರು ಬೇರೆ. ನಾಲಿಗೆ ಅದೇ ಗುಡ್ಡೆ ಸಿಹಿಗೆ ಒಗ್ಗಿಕೊಂಡೇ ಉಳಿಯುತ್ತೆ.

ಇನ್ನೊಬ್ಬರು ಅಕ್ಕ ಕೇಳುತ್ತಿದ್ದಾರೆ: "ನೆಂಟ್ರ ಮನೇಲಿ ಬೇಡ ಅನ್ನಕ್ಕಾಗಲ್ಲ. ನಮ್ಮನೇಗೆ ಬಂದೋರ್ಗೆ ಸಕ್ರೆ ಹಾಕ್ದೆ ಕಾಫಿ ಕೊಟ್ರೆ ಏನಂದ್ಕೊತಾರೆ?" ಅಕ್ಕ, ಇದು ಇವತ್ತಿನ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ನಮ್ಮ ಕಡೆ ಕಾಫಿ ಕುಡಿಯದೆ ಎದ್ದರೆ ಮನೆಯವರಿಗೆ ನೋವಾಗುತ್ತೆ. ಬೇಡ ಅನ್ನುವ ಬದಲು "ಸಕ್ಕರೆ ಹಾಕದೆ ಅರ್ಧ ಲೋಟ ಕೊಡಿ" ಅಂತ ಅವರು ಒಲೆ ಹಚ್ಚುವ ಮೊದಲೇ ಹೇಳಿಬಿಡಿ. ಇನ್ನು ನಮ್ಮ ಮನೆಗೆ ಬಂದವರಿಗೆ ಕಾಫಿ ಸಪ್ಪೆಯಾಗೇ ಮಾಡಿ, ತಟ್ಟೆಯಲ್ಲಿ ಸಕ್ಕರೆ ಬಟ್ಟಲು, ಚಮಚ ಇಟ್ಟು ಕೊಡಿ. ಬಂದವರಲ್ಲಿ ಯಾರಿಗೆ ಶುಗರ್ ಇದೆ ಅಂತ ನಮಗೆ ಗೊತ್ತಿರುವುದಿಲ್ಲ. ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ. ಬೇಕಾದಷ್ಟು ಅವರೇ ಹಾಕಿಕೊಳ್ಳಲಿ.

ಮುಂದಿನ ಸಾಲಿನ ಅಜ್ಜ ಕೈ ಎತ್ತಿದ್ದಾರೆ. ಹೇಳಿ ಅಜ್ಜ.

"ಅಲ್ಲ ಕಣವ್ವ, ಈಗ ಹಿಂದ್ಗಡೆ ಫ್ಲಾಸ್ಕಲ್ಲಿ ಕಾಫಿ ಬಂದೈತಲ್ಲ, ಅದ್ಕೆ ಎಷ್ಟು ಸಕ್ರೆ ಹಾಕವ್ರೆ?"

ಹಾಕಿಲ್ಲ ಅಜ್ಜ. ಡಬ್ಬಿ ಇಲ್ಲೇ ಇದೆ, ಚಮಚವೂ ಇದೆ. ಬನ್ನಿ, ಮೊದಲು ಒಂದು ಹಿಡಿ ಕಡಲೇಕಾಯಿ ತಗೊಳ್ಳಿ.